ಒಂದೇ ಹಗ್ಗದ ಎರಡು ತುದಿ

ಭಾನುವಾರ ಬಂತೆಂದರೆ ನನ್ನ ತಂಗಿಗೆ ನಾಲಗೆ ತುರಿಸುತ್ತದೆ. ಫೋನ್ ಮಾಡಿದವಳು ನಾನು ಬದುಕಿದ್ದೇನೋ ಇಲ್ಲವೋ ಎಂದು ಕೇಳುವ ಮೊದಲೇ ತನ್ನೂರಿನ ಹವೆಯನ್ನು ಹೊಗಳಲು ಶುರುಮಾಡುತ್ತಾಳೆ.

“ನಮ್ಮಲ್ಲಿ ಫ್ಯಾನೂ ಬೇಡ, ಸ್ವೆಟರೂ ಬೇಡ ಅಕ್ಕ. ವರ್ಷವಿಡೀ ಒಂದೇ ಥರ. ನಿಮ್ಮಲ್ಲಿ ಹೇಗಿದೆ?”

ನಮ್ಮಲ್ಲಿ ಹೇಗಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಚಳಿಗಾಲದಲ್ಲಿ ಬಕೆಟ್ಟಿನ ನೀರು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ. ಇವೆರಡರ ನಡುವೆಯಾದರೂ ಸುಧಾರಿಸಿಕೊಳ್ಳೋಣವೆಂದರೆ ಧೂಳಿನ ಗಾಳಿ ಎದ್ದು ಮುಚ್ಚಿದ ಸಕ್ಕರೆ ಡಬ್ಬಿಯೊಳಕ್ಕೂ ನುಗ್ಗುತ್ತದೆ. ಹಾಗೆಂದು ನಾನು ಅಷ್ಟು ಸುಲಭಕ್ಕೆ ಸೋಲುವವಳಲ್ಲ.

“ನಮ್ಮಲ್ಲಿ ಬೆಡ್‌ಶೀಟ್ ಹಗ್ಗಕ್ಕೆ ಹಾಕಿ, ಒಂದು ಲೋಟ ಕಾಫಿ ಕುಡಿದು ಬರೋಷ್ಟರಲ್ಲಿ ಗರಿಗರಿ ಒಣಗಿರುತ್ತೆ. ನಿಮ್ಮಲ್ಲಿ?”

ಆಗ ಅವಳು ಮಾತು ಬದಲಿಸುತ್ತಾಳೆ. ನಮ್ಮಿಬ್ಬರದೂ ಲಾಂಡ್ರಿ ಅಂಗಡಿ, ಅಮ್ಮನಿಂದ ಕಲಿತ ಕೆಲಸ. ನಾನು ಮದುವೆಯಾಗಿ ಗುಡ್ಡಗಳ ಈಚೆಗಿನ ಈ ಒಣ ಊರಿಗೆ ಬಂದೆ. ಅವಳು ಮದುವೆಯ ಗೊಡವೆಗೇ ಹೋಗದೆ ಗುಡ್ಡಗಳ ಆಚೆ, ಕಡಲ ದಂಡೆಯ ಊರಿನಲ್ಲಿ ಅಂಗಡಿ ಹಾಕಿಕೊಂಡಳು.

ನಮ್ಮ ಅಂಗಡಿಗೆ ಬರುವ ಭೂಗೋಳದ ಮೇಷ್ಟ್ರು ಒಮ್ಮೆ ಈ ಫೋನ್ ಜಗಳವನ್ನು ಕೌಂಟರಿನ ಆಚೆ ನಿಂತು ಪೂರ್ತಿ ಕೇಳಿಸಿಕೊಂಡರು. ಮಾರನೆಯ ವಾರ ಬಂದವರೇ ಹೇಳಿದರು, “ಮನೆಗೆ ಹೋಗಿ ಭೂಪಟ ತೆಗೆದು ನೋಡಿದೆ. ನಿಮ್ಮೂರು, ನಿಮ್ಮ ತಂಗಿ ಊರು ಎರಡೂ ಒಂದೇ ಅಕ್ಷಾಂಶದ ಮೇಲಿವೆ. ಅಡ್ಡಗೆರೆ ಎಳೆದ್ರೆ ನೀವು ಬಟ್ಟೆ ಒಣಗಿಸೋ ಹಗ್ಗದ ಹಾಗೆ ನೇರವಾಗಿ ಹೋಗುತ್ತೆ. ಅದರ ಒಂದು ತುದೀಲಿ ಅವರು, ಇನ್ನೊಂದು ತುದೀಲಿ ನೀವು.”

“ಹಾಗಾದ್ರೆ ಇಬ್ಬರಿಗೂ ಸೂರ್ಯ ಒಬ್ಬನೇ ತಾನೇ ಮೇಷ್ಟ್ರೇ? ಅವಳಿಗೆ ಬೆಣ್ಣೆ, ನಮಗೆ ಸುಣ್ಣ ಯಾಕೆ?”

“ಸೂರ್ಯನದೇನೂ ತಪ್ಪಿಲ್ಲ. ಕಡಲು ಅವರ ಮಗ್ಗುಲಲ್ಲೇ ಇದೆ. ಬೇಸಿಗೇಲಿ ತಂಪು ಮಾಡುತ್ತೆ, ಚಳೀಲಿ ಬೆಚ್ಚಗಿಡುತ್ತೆ. ಆ ಗಾಳಿ ನಿಮ್ಮ ಕಡೆ ಹೊರಟ್ರೆ ಗುಡ್ಡಗಳು ಅಡ್ಡ ನಿಂತು ತೇವ ಎಲ್ಲ ಹಿಂಡಿಕೊಂಡು ಬಿಡ್ತಾವೆ. ಒಂದೇ ಅಕ್ಷಾಂಶದಲ್ಲಿ ಎಲ್ಲಕ್ಕಿಂತ ಒಳ್ಳೆ ಹವೆ ಯಾವುದು, ಕೆಟ್ಟ ಹವೆ ಯಾವುದು ಅಂತ ಮಕ್ಕಳು ಕೇಳಿದ್ರೆ, ಇನ್ಮೇಲೆ ನಿಮ್ಮಿಬ್ಬರ ಮನೆ ತೋರಿಸ್ತೀನಿ.”

ನಗುತ್ತಾ ಷರ್ಟುಗಳನ್ನು ತೆಗೆದುಕೊಂಡು ಹೋದರು. ನನಗೆ ಮೈ ಉರಿದುಹೋಯಿತು. ಕೆಟ್ಟ ಹವೆ ಎಂದು ನಾನು ಬೈಯಬಹುದು, ಬೇರೆಯವರು ಬೈಯಬಾರದು.

ಅಂಗಡಿಯಲ್ಲಿ ಒಗೆಯುವುದು, ಒಣಗಿಸುವುದು ನನ್ನ ಪಾಲು, ಇಸ್ತ್ರಿ ನನ್ನ ಗಂಡನ ಪಾಲು. ಮದುವೆಯಾದ ಹೊಸತರಲ್ಲಿ ಅವರು ಇಸ್ತ್ರಿ ಮಾಡುತ್ತಾ ಶಿಳ್ಳೆ ಹಾಕುತ್ತಿದ್ದರು. ಯಾವ ಹಾಡೆಂದು ಆ ಹಾಡು ಕಟ್ಟಿದವನಿಗೂ ಗುರುತು ಸಿಗಬಾರದು, ಅಂಥ ಶಿಳ್ಳೆ. “ಗಿರಾಕಿಗಳು ಓಡಿಹೋಗ್ತಾರೆ, ನಿಲ್ಲಿಸ್ರೀ” ಎಂದು ನಾನು ದಿನಾ ಗದರುತ್ತಿದ್ದೆ. ಬರಬರುತ್ತಾ ನಿಂತಿತು. ಗಂಡನನ್ನು ತಿದ್ದುವುದು ಹೇಗೆಂದು ಅಕ್ಕಪಕ್ಕದ ಹೆಂಗಸರಿಗೆ ನಾನು ಪಾಠ ಹೇಳಿದ್ದೂ ಉಂಟು.

ಈಚೆಗೆ ಅವರಿಗೆ ಕೆಮ್ಮು ಜಾಸ್ತಿಯಾಗಿತ್ತು. ಒಂದು ಪ್ಯಾಂಟು ಮುಗಿಸಬೇಕಾದರೆ ನಡುವೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಗೋಡೆ ಹಿಡಿದು ನಿಲ್ಲುತ್ತಿದ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಈ ಧೂಳಿನಿಂದ ದೂರ, ಸ್ವಲ್ಪ ದಿನ ಬೇರೆ ಊರಲ್ಲಿ ಇಟ್ಟು ನೋಡೋಣ. ಅಲ್ಲಿ ಉಸಿರು ಸುಧಾರಿಸಿದ್ರೆ ಅಲ್ಲೇ ಇದ್ದುಬಿಡಿ. ಹೀಗೇ ಬಿಟ್ರೆ ಶ್ವಾಸಕೋಶ ಕೈಕೊಡುತ್ತೆ” ಎಂದರು. ನಾನು ಡಾಕ್ಟರ ಮುಂದೆ ಧೈರ್ಯದಿಂದ ತಲೆಯಾಡಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ.

ವಿಷಯ ಕೇಳಿದ ತಂಗಿ ಒಂದು ಕ್ಷಣವೂ ಯೋಚಿಸಲಿಲ್ಲ. “ಅದಕ್ಕ್ಯಾಕೆ ತಲೆ ಕೆಡಿಸ್ಕೋತೀಯ? ಭಾವನ್ನ ಕರ್ಕೊಂಡು ಇಲ್ಲಿಗೆ ಬಾ. ನಾನು ಅಲ್ಲಿಗೆ ಹೋಗಿ ನಿನ್ನ ಅಂಗಡಿ ನೋಡ್ಕೋತೀನಿ. ಎರಡು ತಿಂಗಳು ಇದ್ದು ನೋಡಿ.” ಅಷ್ಟಕ್ಕೆ ನಿಲ್ಲಿಸಿದ್ದರೆ ಅವಳು ನನ್ನ ತಂಗಿಯೇ ಅಲ್ಲ. “ಒಳ್ಳೆ ಹವಾ ಅಂದ್ರೇನು ಅಂತ ನಿನಗೂ ಒಮ್ಮೆ ಗೊತ್ತಾಗ್ಲಿ” ಎಂದು ಸೇರಿಸಿದಳು.

ಗಂಡನ ಕೆಮ್ಮು ಹೋಗಬೇಕು, ತಂಗಿಯ ಊರು ಮಾತ್ರ ಗೆಲ್ಲಬಾರದು ಎಂದು ಹಾರೈಸುತ್ತಾ ನಾನು ಬಸ್ ಹತ್ತಿದೆ. ಎರಡೂ ಒಟ್ಟಿಗೆ ಆಗುವುದು ಹೇಗೆಂದು ಯೋಚಿಸುವ ಗೋಜಿಗೆ ಹೋಗಲಿಲ್ಲ.

ಊರೇನೋ ಚೆಂದವೇ. ಬೀದಿಯ ಎರಡೂ ಬದಿಗೆ ಕಿಟಕಿ ಕಿಟಕಿಯಲ್ಲಿ ಹೂವಿನ ಕುಂಡಗಳು. ಜನ ಬೆವರದೆ, ನಡುಗದೆ, ಯಾವ ಅವಸರವೂ ಇಲ್ಲದೆ ಓಡಾಡುತ್ತಿದ್ದರು. ಮೊದಲ ದಿನವೇ ಹತ್ತಿರದ ಹೋಟೆಲಿನಿಂದ ಮೂಟೆಗಟ್ಟಲೆ ಬೆಡ್‌ಶೀಟು ಬಂದವು. ನನಗೆ ಹೊಸದೇನು? ಒಗೆದು, ಹಿತ್ತಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಹರವಿದೆ. ಹಿತ್ತಲಲ್ಲಿ ಒಂದು ಹಗ್ಗವನ್ನೂ ಕಟ್ಟಿರಲಿಲ್ಲವಲ್ಲ, ಎಂಥ ಸೋಮಾರಿ ಇವಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ಗಂಡನನ್ನು ಕರೆದುಕೊಂಡು ಕಡಲು ನೋಡಲು ಹೋದೆ.

ಸಂಜೆ ಬಂದು ನೋಡಿದರೆ ಬೆಡ್‌ಶೀಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನ ಕಡಲಿನಿಂದ ಮಂಜು ಬಂದು ಅವುಗಳ ಮೇಲೆ ಕುಳಿತು, ಎದ್ದು ಹೋಗಿತ್ತು. ಹಾಕುವಾಗ ಇದ್ದದ್ದಕ್ಕಿಂತ ತೆಗೆಯುವಾಗ ಒದ್ದೆ ಹೆಚ್ಚಾದ ಬಟ್ಟೆಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬಾಗಿಲಲ್ಲಿ ಹೋಟೆಲಿನವನು ನಿಂತಿದ್ದ. ನಾನು ಫೋನ್ ಎತ್ತಿಕೊಂಡೆ.

“ಏನೇ, ಈ ಊರಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀಯ?”

ಆ ಕಡೆಯಿಂದ ಸಣ್ಣ ದನಿ ಬಂತು. “ಹಿಂದಿನ ಕೋಣೆಗೆ ಪರದೆ ಹಾಕಿದೀನಲ್ಲ, ಅದರೊಳಗೆ. ನಾಲ್ಕು ಹೀಟರ್ ಇದಾವೆ.”

“ಹೊರಗಡೆ?”

“ಹೊರಗಡೆ ಒಂದು ಕರ್ಚೀಫೂ ಒಣಗಲ್ಲ ಅಕ್ಕ.”

ಇಷ್ಟು ವರ್ಷ ನನ್ನ ಮುಂದೆ ಜಂಬ ಕೊಚ್ಚಿಕೊಂಡವಳು ಆ ಕೋಣೆಯ ಸುದ್ದಿಯನ್ನೇ ಎತ್ತಿರಲಿಲ್ಲ! ನಾನು ಝಾಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಅಳುದನಿಯಲ್ಲಿ ಹೇಳಿದಳು, “ಬೈಬೇಡ, ಇಲ್ಲೂ ಎಡವಟ್ಟಾಗಿದೆ. ಅಲ್ಲಿ ಹಾಕೋ ಹಾಗೇ ಬ್ಯಾಂಕ್ ಮ್ಯಾನೇಜರ್ ಷರ್ಟಿಗೆ ಗಂಜಿ ಹಾಕಿದೆ. ನಮ್ಮಲ್ಲಿ ತೇವಕ್ಕೆ ಮೆತ್ತಗಾಗುತ್ತೆ ಅಂತ ಗಟ್ಟಿಯಾಗೇ ಹಾಕೋದು. ಇಲ್ಲಿ ಹಲಗೆ ಆಗಿಬಿಟ್ಟಿದೆ ಅಕ್ಕ. ನೆಲದ ಮೇಲಿಟ್ರೆ ತಾನಾಗೇ ನಿಂತ್ಕೊಳ್ಳುತ್ತೆ. ಅವರು ಅದನ್ನ ತೊಟ್ಕೊಂಡು ಹೋಗಿ, ಮೊಣಕೈ ಮಡಚೋಕಾಗ್ದೆ ಮಧ್ಯಾಹ್ನವೆಲ್ಲ ಒಂದು ಸಹೀನೂ ಹಾಕಿಲ್ವಂತೆ.”

ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಹೋಟೆಲಿನವನು ಗಾಬರಿಯಾಗಿ ನನ್ನ ಗಂಡನ ಮುಖ ನೋಡಿದ.

ಅಂದಿನಿಂದ ನಮ್ಮ ಜಗಳ ತಿರುವುಮುರುವಾಯಿತು. ತುಟಿ ಒಡೆಯುತ್ತದೆ, ಕಣ್ಣಿಗೆ ಧೂಳು ಬೀಳುತ್ತದೆ ಎಂದು ಶುರುಮಾಡಿದ ತಂಗಿ ಕೊನೆಗೆ ಬಿಸಿಲಿಗೇ ಬಂದು ನಿಲ್ಲುತ್ತಿದ್ದಳು. “ಬಟ್ಟೆಗೆ ಬಿಸಿಲಿನ ವಾಸನೆ ಬರುತ್ತಲ್ಲ ಅಕ್ಕ, ನನಗೆ ಗೊತ್ತೇ ಇರ್ಲಿಲ್ಲ. ಒಣಗಿದ ಟವೆಲಿಗೆ ಮುಖ ಇಟ್ಕೊಂಡು ಸುಮ್ಮನೆ ನಿಂತ್ಕೋತೀನಿ.” ನನಗೆ ಹೊಟ್ಟೆ ಉರಿಯುತ್ತಿತ್ತು. ಅದು ನನ್ನ ಬಿಸಿಲು. ಇಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಪರದೆಯ ಹಿಂದೆ ಹೀಟರುಗಳ ನಡುವೆ ಬೇಯುತ್ತಿದ್ದೆ. ಎಲ್ಲರೂ ಹೊಗಳುವ ಆ ಹವೆ ನನಗೆ ಕಿಟಕಿಯಿಂದ ಕಾಣುವಷ್ಟೇ ದಕ್ಕುತ್ತಿತ್ತು. ನಾನೂ ಒಣಗದ ಬಟ್ಟೆಯ ಹಾಗೆಯೇ ಇದ್ದೆ, ಒಳಗೆಲ್ಲ ಥಂಡಿ.

ಗಂಡನಿಗೆ ಅದು ತಿಳಿಯದೆ ಇರಲಿಲ್ಲ. ಎರಡು ತಿಂಗಳು ಮುಗಿಯುತ್ತಾ ಬಂದಾಗ ಅವರೇ ಮಾತೆತ್ತಿದರು. “ನಡಿ, ಊರಿಗೆ ಹೋಗೋಣ. ನಿನಗಿಲ್ಲಿ ಸರಿಹೋಗ್ತಿಲ್ಲ.”

“ನಿಮ್ಮ ಕೆಮ್ಮು?”

“ಎಷ್ಟೋ ವಾಸಿ. ಅಲ್ಲಿಗೆ ಹೋದ್ರೆ ಮೂಗಿಗೆ ಬಟ್ಟೆ ಕಟ್ಕೋತೀನಿ ಬಿಡು.”

ಎಷ್ಟೋ ವಾಸಿ ಎಂದರೆ ಎಷ್ಟು? ಇವರು ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೋ, ನಿಜವಾಗಿಯೂ ವಾಸಿಯಾಗಿದೆಯೋ ಎಂದು ಗೊತ್ತಾಗಲಿಲ್ಲ. ಇನ್ನೂ ನಾಲ್ಕು ಮಾತು ಕೇಳಬೇಕಿತ್ತು. ಊರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಕೇಳಲಿಲ್ಲ. ಮಾರನೆಯ ಬೆಳಗ್ಗೆ ಹಾಡಿಕೊಳ್ಳುತ್ತಾ ಪೆಟ್ಟಿಗೆಗೆ ಬಟ್ಟೆ ತುಂಬಲು ಕುಳಿತೆ.

ಆಗ ಹಿಂದಿನ ಕೋಣೆಯಿಂದ ಏನೋ ಸದ್ದು ಬಂತು. ಹೀಟರು ಕೆಟ್ಟಿತೇನೋ ಎಂದು ಎದ್ದು ಹೋಗಿ ಪರದೆ ಸರಿಸಿದೆ. ಬೆನ್ನು ಈ ಕಡೆ ಮಾಡಿಕೊಂಡು ಗಂಡ ಹೋಟೆಲಿನ ಬೆಡ್‌ಶೀಟಿಗೆ ಇಸ್ತ್ರಿ ಹಾಕುತ್ತಿದ್ದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಇಸ್ತ್ರಿಪೆಟ್ಟಿಗೆ ಎಲ್ಲೂ ನಿಲ್ಲದೆ ಹೋಗುತ್ತಿತ್ತು. ಜೊತೆಗೆ ಶಿಳ್ಳೆ. ಅದೇ ಹಾಡು, ಅದೇ ಅಪಸ್ವರ.

ನಾನು ಪರದೆ ಹಿಡಿದುಕೊಂಡೇ ಕೇಳಿದೆ, “ರೀ, ಇಷ್ಟು ವರ್ಷ ಯಾಕ್ರೀ ಶಿಳ್ಳೆ ಹಾಕ್ಲಿಲ್ಲ?”

ಅವರು ಬೆಚ್ಚಿ ತಿರುಗಿದರು. ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕರು. “ಹಾಕೋಕೆ ಹೋದ್ರೆ ಉಸಿರು ಸಾಲ್ತಿರ್ಲಿಲ್ಲ, ಕೆಮ್ಮು ಬರ್ತಿತ್ತು. ಹೇಗೂ ನೀನು ಬೈತಿದ್ದೆಯಲ್ಲ, ನಿನ್ನ ಮಾತು ಕೇಳಿ ಬಿಟ್ಟ ಹಾಗಿರ್ಲಿ ಅಂತ ಸುಮ್ಮನಾದೆ.”

ನಾನು ತಿದ್ದಿದೆನೆಂದು ಬೀಗುತ್ತಿದ್ದಾಗೆಲ್ಲ ಈ ಮನುಷ್ಯ ಉಸಿರಿಗೆ ಪರದಾಡುತ್ತಿದ್ದರು. “ನಿಲ್ಲಿಸಬೇಡಿ, ಹಾಕಿ” ಎಂದೆ. ವಾಪಸು ಹೋಗಿ ಪೆಟ್ಟಿಗೆಯ ಬಟ್ಟೆಯನ್ನೆಲ್ಲ ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ. ಆಮೇಲೆ ತಂಗಿಗೆ ಫೋನ್ ಮಾಡಿದೆ.

“ಏನಾಯ್ತಕ್ಕ? ಇವತ್ತು ಭಾನುವಾರ ಅಲ್ವಲ್ಲ!”

“ನಿಮ್ಮೂರ ಹವಾನೇ ಒಳ್ಳೇದು ಕಣೇ. ಒಪ್ಕೊಂಡೆ.”

“ಅಕ್ಕ, ನಿನಗೆ ಹುಷಾರಿಲ್ವಾ?”

“ನನಗೇನಾಗಿದೆ? ನಾವು ಇಲ್ಲೇ ಇದ್ದುಬಿಡ್ತೀವಿ. ನೀನು ಅಲ್ಲೇ ಇರ್ತೀಯಾ? ನನ್ನ ಬಿಸಿಲು ನೀನೇ ಇಟ್ಕೋ. ಗಂಜಿ ಮಾತ್ರ ತೆಳ್ಳಗೆ ಹಾಕು.”

“ಇರ್ತೀನಿ” ಎಂದಳು. ಎಷ್ಟು ಬೇಗ ಹೇಳಿಬಿಟ್ಟೆನಲ್ಲ ಎಂದು ಅವಳಿಗೇ ನಾಚಿಕೆಯಾಗಿರಬೇಕು, ತಡವರಿಸಿ ಕೇಳಿದಳು, “ಭಾವ ಹೇಗಿದಾರೆ?”

ನಾನು ಫೋನನ್ನು ಪರದೆಯ ಹತ್ತಿರ ಹಿಡಿದೆ.

“ಅಯ್ಯೋ ರಾಮ!” ಎಂದಳು ತಂಗಿ. “ಯಾರಕ್ಕ ಅದು, ಇಷ್ಟು ಕೆಟ್ಟದಾಗಿ ಶಿಳ್ಳೆ ಹಾಕ್ತಿರೋದು?”

“ನನ್ನ ಗಂಡ ಕಣೇ” ಎಂದೆ. ನನ್ನ ಊರಿನ ಬಿಸಿಲಿನ ಬಗ್ಗೆ ಕೂಡ ನಾನು ಅಷ್ಟು ಜಂಬದಿಂದ ಮಾತಾಡಿದ್ದಿಲ್ಲ.