ಎರಡೂವರೆ ಗೆರೆಯ ಕರಿಬಸಯ್ಯ

ಸಿಂಧನೂರಿನ ಕರಿಬಸಯ್ಯನವರ ಹಣೆಯ ಮೇಲೆ ವಿಭೂತಿಯ ಗೆರೆ ಎರಡೂವರೆ. ಫೋಟೋ ಕತ್ತರಿಸುವ ಯಂತ್ರವು ಅವರ ಉಂಗುರದ ಬೆರಳಿನ ಒಂದು ಗೆಣ್ಣನ್ನು ಕಪ್ಪವಾಗಿ ಪಡೆದಂದಿನಿಂದ ಮೂರನೆಯ ಗೆರೆ ಹಣೆಯ ನಡುವಿನಿಂದಲೇ ಶುರುವಾಗುತ್ತದೆ. ಇದು ತಿಳಿಯದವರು ಊರಿನಲ್ಲಿ ಅವರೊಬ್ಬರೇ. ಕನ್ನಡಿ ನೋಡಿ ವಿಭೂತಿ ಹಚ್ಚುವವನು ಭಕ್ತನಲ್ಲ, ನಟ ಎಂಬುದು ಅವರ ಸಿದ್ಧಾಂತ. ಇಪ್ಪತ್ತೆರಡು ವರ್ಷ ಸ್ಟುಡಿಯೋ ನಡೆಸಿ, ಲಿಂಗಸುಗೂರು, ಮಸ್ಕಿಗಳ ಮದುಮಕ್ಕಳಿಗೂ ‘ಗದ್ದ ಮ್ಯಾಲೆ’ ಎಂದು ಆಜ್ಞಾಪಿಸಿದ ಅವರು, ಒಂದು ಪಟದಲ್ಲೂ ತಾವು ನಿಂತವರಲ್ಲ.

ಸ್ಟುಡಿಯೋ ಮಾರಿದಾಗ ಉಳಿಸಿಕೊಂಡದ್ದು ಒಂದು ಹಳೆಯ ಕಂಪ್ಯೂಟರು, ಅವಳಿಗಳಂತಿದ್ದ ಎರಡು ಹಾರ್ಡ್‌ಡಿಸ್ಕು. ಒಂದರಲ್ಲಿ ಮೂರು ತಾಲ್ಲೂಕಿನ ಮುಖಗಳು, ಇನ್ನೊಂದು ಖಾಲಿ. ರಿಪೇರಿ ಅಂಗಡಿಯವನು “ಗುಜರಿಗೆ ಹಾಕ್ರಿ ಅಯ್ನಾರ” ಎಂದದ್ದೇ ತಡ, ಕರಿಬಸಯ್ಯ ಶಪಥಗೈದರು: ಇದನ್ನೇ ಮನೆಯ ಸರ್ವರ್ ಮಾಡಿ, ಎಲ್ಲ ಪಟಗಳನ್ನೂ ಮನೆಯೊಳಗಿನ ಯಾವ ಮೊಬೈಲಿನಲ್ಲಾದರೂ ತೆರೆದು ತೋರಿಸುತ್ತೇನೆ! ಅದಕ್ಕೆ ಮೊದಲು ಖಾಲಿ ಡಿಸ್ಕನ್ನು ಜೋಡಿಸಿ, ಪೂರ್ತಿ ಅಳಿಸಿ, ಅದರಲ್ಲಿ ಹೊಸ ವ್ಯವಸ್ಥೆ ಕೂರಿಸಬೇಕು. ಪಟಗಳ ಡಿಸ್ಕು ಆಮೇಲೆ. ಗುರುತು ತಪ್ಪದಿರಲೆಂದು ಭಾನುವಾರ ಸಂಜೆ ಪಟಗಳ ಡಿಸ್ಕಿಗೆ ವಿಭೂತಿ ಎಳೆದಿಟ್ಟರು. ಚೀಟಿ ಅಂಟಿಸುವುದು ಗುಮಾಸ್ತರ ಕೆಲಸವಂತೆ.

ಸೋಮವಾರ ಮಧ್ಯಾಹ್ನ ತುರ್ವಿಹಾಳದ ಬಸ್ಸಿನಿಂದಿಳಿದು ಮೆಹಬೂಬ್‌ಬೀ ಬಂದು ಕೂತಳು. ತೀರಿಕೊಂಡ ಗಂಡ ಹಸನ್‌ಸಾಬ್ ಹಲ್ಲು ಬಿಟ್ಟು ನಕ್ಕದ್ದು ಮಗಳ ಮದುವೆಯ ಒಂದೇ ಪಟದಲ್ಲಿ. ಅದು ಉಳಿದಿದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಮೇಜಿನ ಮೇಲೆ ವಿಭೂತಿ ಧರಿಸಿದ್ದ ಡಿಸ್ಕನ್ನು ಕರಿಬಸಯ್ಯ ಭಕ್ತಿಯಿಂದ ಬದಿಗಿಟ್ಟು, ಬಟ್ಟೆಯಡಿ ಇದ್ದ ಇನ್ನೊಂದನ್ನು ನೋಡದೆಯೇ ಯಂತ್ರಕ್ಕೆ ಜೋಡಿಸಿದರು. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದು ಪರದೆ ಕೇಳಿತು. ದಂಡನಾಯಕ ಖಡ್ಗ ಎತ್ತಿದಂತೆ ಅವರು ಬೆರಳೆತ್ತಿದರು. ಅಷ್ಟರಲ್ಲಿ ಯಂತ್ರದ ತೆರೆದ ಹೊಟ್ಟೆಯೊಳಗೆ ಕಣ್ಣು ಹೋಯಿತು. ಅಲ್ಲಿಯೂ ವಿಭೂತಿ!

“ಏ ಗುರುಲಿಂಗಮ್ಮ! ಇವನ್ನ ಯಾರು ಮುಟ್ಟ್ಯಾರ?”

“ನಾನ ರೀ,” ಎಂದರು ಹೆಂಡತಿ ಒಳಗಿನಿಂದ. “ಇವತ್ತು ಸೋಮಾರ ಅಲ್ಲೇನು? ಟ್ರಂಕು, ಮಿಕ್ಸಿ, ಗ್ಯಾಸಿನ ಒಲಿ, ಎಲ್ಲಾದಕ್ಕೂ ಹಚ್ಚೀನಿ. ನಿಮ್ಮ ಡಬ್ಬಿ ಒಂದು ಬೋಳು ಹಣೀಲೆ ಕುಂತಿತ್ತು, ಅದಕ್ಕೂ ಹಚ್ಚಿದೆ.”

ಬೆರಳು ಗಾಳಿಯಲ್ಲೇ ನಿಂತಿತು. ಹೊಸ ವ್ಯವಸ್ಥೆ ಕೂರುವ ತನಕ ಈ ಯಂತ್ರ ಡಿಸ್ಕಿನೊಳಗೇನಿದೆ ಎಂದು ತೋರಿಸದು, ಪರೀಕ್ಷಿಸಲು ಮನೆಯಲ್ಲಿ ಇನ್ನೊಂದು ಕಂಪ್ಯೂಟರಿಲ್ಲ. ಇರುವುದು ಗುಜರಿ ಎಂದವನ ಅಂಗಡಿಯಲ್ಲಿ. ಅಲ್ಲಿ ಕೈಕಟ್ಟಿ ನಿಲ್ಲುವುದಕ್ಕಿಂತ ಒಂದನ್ನು ಊಹಿಸಿ ಒತ್ತಿಬಿಡುವುದೇ ಗಂಡಸುತನವೆಂದು ಅವರ ಅಭಿಮಾನ ಕಿವಿಯಲ್ಲಿ ಊದತೊಡಗಿತು. ಬೆರಳು ಒಂದಂಗುಲ ಇಳಿಯಿತು.

“ಸಿಗತೈತಲ್ರೀ ಅಯ್ನಾರ?” ಮೆಹಬೂಬ್‌ಬೀ ಚಹದ ಬಟ್ಟಲು ಕೆಳಗಿಟ್ಟಳು. “ಅವರ ಮಖಾನ ಮರಿಯಾಕತ್ತೀನಿ.”

ಬೆರಳು ಹಿಂದೆ ಸರಿಯಿತು. ಗುರುಲಿಂಗಮ್ಮ ಬಂದು, ಎರಡೂ ಡಿಸ್ಕುಗಳನ್ನು ಬಗ್ಗಿ ನೋಡಿದರು. “ಒಳಗಿಂದು ನೀವು ಹಚ್ಚಿದ್ದು. ಮದ್ಲ ತೆಗೀರಿ.”

“ಹೆಂಗ ಹೇಳ್ತಿ? ಎರಡಕ್ಕೂ ಐತಿ!”

“ನಿಮ್ಮ ಗೆರಿ ಯಾವತ್ತರ ಮೂರಾಗ್ಯಾವೇನ್ರೀ? ಬೆರಳು ಹೋದಾಗಿಂದ ಎರಡೂವರಿ!”

ಡಿಸ್ಕುಗಳು ಅದಲುಬದಲಾದವು. ಮುಕ್ಕಾಲು ತಾಸಿನಲ್ಲಿ ಖಾಲಿ ಡಿಸ್ಕಿನಲ್ಲಿ ಹೊಸ ವ್ಯವಸ್ಥೆ ಕೂತಿತು, ಪಟಗಳ ಡಿಸ್ಕೂ ಜೋಡಣೆಯಾಯಿತು. ಕೊನೆಗೆ ಗುರುಲಿಂಗಮ್ಮನವರ ಮೊಬೈಲಿನಲ್ಲಿ ಹಸನ್‌ಸಾಬ್ ಹಲ್ಲು ಬಿಟ್ಟು ನಕ್ಕ. ಮೆಹಬೂಬ್‌ಬೀ ಆ ಕೆನ್ನೆ ಸವರಲು ಹೋದಾಗ ಚಿತ್ರ ಸರಿದುಹೋಯಿತು. ಕರಿಬಸಯ್ಯ ಮತ್ತೆ ತಂದುಕೊಟ್ಟರು. ಮತ್ತೆ ಸವರಿದಳು, ಮತ್ತೆ ತಂದುಕೊಟ್ಟರು.

ಆಮೇಲೆ ಅವರು ಮೊದಲ ಬಾರಿಗೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಊರಿನ ಮುಖಗಳನ್ನೆಲ್ಲ ಕಾಪಿಡುವವರ ಕುಲವೇ ಹೀಗೆ: ಯಾರು ಯಾವ ಮದುವೆಯಲ್ಲಿ ನಕ್ಕರೆಂಬುದು ಅವರಿಗೆ ಗೊತ್ತಿರುತ್ತದೆ, ಅವರದೇ ಹಣೆಯ ಮೇಲೇನಿದೆ ಎಂಬುದನ್ನು ಮಾತ್ರ ಮನೆಯಲ್ಲೊಬ್ಬರು, ನಗದೆ, ಕಾಪಿಟ್ಟುಕೊಂಡಿರಬೇಕು.