ಮುಚ್ಚಳ ತೆಗೆಯುವ ದೃಶ್ಯ

"ಇನ್ನೊಂದ್ಸಲ ಅಜ್ಜಿ, ಈಗ ಮಾಡಿದ್ರಲ್ಲ, ಹಂಗೇ," ಎಂದಳು ಬ್ರಾಹ್ಮಿ.

ಚಾಪೆಯ ಮೇಲೆ ಅಂಗಾತ ಮಲಗಿದ್ದ ಭವ್ಯಾಳ ಎಂಟು ತಿಂಗಳ ಹೊಟ್ಟೆಯ ಮೇಲೆ ಮಾಸ್ತಮ್ಮನ ಎರಡೂ ಕೈಗಳಿದ್ದವು. ಹರಳೆಣ್ಣೆ ಹಚ್ಚಿದ ಬೆರಳುಗಳು ಬಾಗಿಲ ಬಿಸಿಲಿಗೆ ಹೊಳೆಯುತ್ತಿದ್ದವು. ಹೊಸನಗರದ ಸುತ್ತ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದ ಸಾಕ್ಷ್ಯಚಿತ್ರಕ್ಕೆಂದು ಬ್ರಾಹ್ಮಿ ತಿಂಗಳುಗಟ್ಟಲೆ ಅಲೆದು ಹುಡುಕಿದ ಸೂಲಗಿತ್ತಿ ಮಾಸ್ತಮ್ಮ. ಮಾಸ್ತಿಕಟ್ಟೆಯಲ್ಲಿ ಅಣೆಕಟ್ಟು ಕಟ್ಟಲು ಬಂದ ಕೂಲಿಯವರ ಶೆಡ್ಡುಗಳಿಂದ ಹಿಡಿದು ಬ್ರಾಹ್ಮಿಯ ಅಜ್ಜಿ ಜ್ವಾಲಾಮಾಲಿನಿಯ ಮನೆಯ ತನಕ ಮಕ್ಕಳನ್ನು ಹಿಡಿದ ಕೈಗಳು ಅವು. ಬಸುರಿಯ ಪಾತ್ರಕ್ಕೆ ಮಾಸ್ತಮ್ಮನ ಮೊಮ್ಮಗನ ಹೆಂಡತಿ ಭವ್ಯಾ ತಾನಾಗಿಯೇ ಒಪ್ಪಿದ್ದಳು.

"ನಿಮ್ ಕ್ಯಾಮರಾ ಕಂಡು ನಾಚ್ಕೊಂಡಿದೆ ಕಣಕ್ಕಾ ಇದು. ಬೆಳಿಗ್ಗೆಯಿಂದ ಒಂದ್ಸಲಾನೂ ಒದ್ದಿಲ್ಲ," ಎಂದಳು ಭವ್ಯಾ.

"ಹೀರೋಗಳೇ ಹಂಗೆ. ಎಂಟ್ರಿ ಕೊಡೋದು ಲೇಟು," ಎಂದ ಕ್ಯಾಮರಾದ ಹಿಂದಿನಿಂದ ಲಿಖಿತ್. ಎಲ್ಲರೂ ನಕ್ಕರು. ಮಾಸ್ತಮ್ಮ ನಗಲಿಲ್ಲ. ಅವಳ ಕೈ ಹೊಕ್ಕುಳ ಕೆಳಗೆ ನಿಂತಿತು, ಒತ್ತಿತು, ಎಡಕ್ಕೆ ಸರಿಯಿತು, ಮತ್ತೆ ನಿಂತಿತು.

"ಮನೇಲಿರೋ ಮುಚ್ಚಳ ಎಲ್ಲಾ ತೆಗೀರಿ," ಎಂದಳು.

ಬ್ರಾಹ್ಮಿಯ ಮೈ ಜುಮ್ಮೆಂದಿತು. ತನ್ನಜ್ಜಿ ಜ್ವಾಲಾಮಾಲಿನಿಯ ತೊಡೆಯ ಮೇಲೆ ತಲೆಯಿಟ್ಟು ನೂರು ಸಲ ಕೇಳಿದ ಕಥೆ ಅದು: ಹೆರಿಗೆ ಕಷ್ಟವಾದರೆ ಸೂಲಗಿತ್ತಿ ಮನೆಯ ಡಬ್ಬಿ, ಭರಣಿ, ಪೆಟ್ಟಿಗೆಗಳ ಮುಚ್ಚಳವನ್ನೆಲ್ಲ ತೆಗೆಸುತ್ತಾಳೆ, ಒಳಗಿದ್ದ ಕೂಸಿಗೆ ದಾರಿ ಕಾಣಲಿ ಎಂದು. ಈ ದೃಶ್ಯಕ್ಕಾಗಿ ಬೆಳಿಗ್ಗೆ ಎಷ್ಟು ಗೋಗರೆದರೂ ಮಾಸ್ತಮ್ಮ ಒಪ್ಪಿರಲಿಲ್ಲ. "ಅದನ್ನ ಆಟಕ್ಕೆ ಮಾಡಂಗಿಲ್ಲ ತಂಗಿ. ಬಸ್ರಿ ಎದುರು ಕೆಟ್ ಮಾತು ಆಡಬಾರ್ದು ಅಂತ ಹಂಗ್ ಹೇಳೋದು. ಮನೆಯವ್ರಿಗೆ ಅರ್ಥ ಆಗಿ ಆಸ್ಪತ್ರೆಗೆ ಗಾಡಿ ಹೂಡ್ತಿದ್ರು."

ಅಂತೂ ಮನಸ್ಸು ಕರಗಿತಲ್ಲ ಎಂದುಕೊಂಡು ಬ್ರಾಹ್ಮಿ ಅಡುಗೆಮನೆಗೆ ಓಡಿದಳು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಬೆಳಕು ಸಾಲದೆಂದು ಮುಚ್ಚಿ ಮತ್ತೆ ತೆಗೆದಳು. ಉಪ್ಪಿನ ಭರಣಿ, ಬೆಲ್ಲದ ಡಬ್ಬಿ, ನಡುಮನೆಯ ಸೀರೆಯ ಟ್ರಂಕು. ಲಿಖಿತ್ ಒಂದೊಂದನ್ನೂ ಹತ್ತಿರದಿಂದ ಹಿಡಿದ.

"ಅಕ್ಕಾ, ಕುಕ್ಕರ್ ಒಂದು ಮುಟ್ಬೇಡಿ, ಪ್ರೆಶರ್ ಇಳ್ದಿಲ್ಲ!" ಭವ್ಯಾ ಮಲಗಿದಲ್ಲಿಂದಲೇ ಕೂಗಿದಳು.

"ತೆಗೀರಿ ಅಂದ್ನಲ್ಲ," ಎಂದಳು ಮಾಸ್ತಮ್ಮ. ದನಿ ಒಡೆದಿತ್ತು.

"ಸೂಪರ್ ಅಜ್ಜಿ! ಅದೇ ದನೀಲಿ ಇನ್ನೊಂದ್ಸಲ."

ಕ್ಯಾಮರಾದ ಕಡೆ ನೋಡಬಾರದೆಂದು ಹೇಳಿದ್ದನ್ನು ಬೆಳಗಿನಿಂದ ಪಾಲಿಸಿದ್ದ ಮುದುಕಿ ಈಗ ತಿರುಗಿ ನೆಟ್ಟಗೆ ಬ್ರಾಹ್ಮಿಯನ್ನೇ ನೋಡಿದಳು. ಕಣ್ಣು ಮಿಟುಕಿಸಲಿಲ್ಲ. "ನಿನ್ ಅಜ್ಜಿ ಆಗಿದ್ರೆ ಇಷ್ಟೊತ್ತಿಗೆ ಗಾಡಿ ಹೊರಡ್ಸಿರೋರು, ತಂಗಿ."

ಬ್ರಾಹ್ಮಿ ಟ್ರಂಕಿನ ಅಂಚಿನಿಂದ ಕೈ ತೆಗೆದಳು. ಮುಚ್ಚಳ ತೆಗೆಯಿರಿ ಎಂದದ್ದು ಯಾವಾಗ? ಅವಳು ಲಿಖಿತನ ಕ್ಯಾಮರಾದತ್ತ ನೋಡಿದಳು. ಅದರ ಪರದೆಯ ಮೂಲೆಯಲ್ಲಿ ಅಂಕಿಗಳು ಓಡುತ್ತಲೇ ಇದ್ದವು. ಆ ಮಾತಾಗಿ ಹನ್ನೊಂದು ನಿಮಿಷ ಕಳೆದಿತ್ತು.

"ಲಿಖಿತ್, ಜೀಪ್ ತೆಗಿ."

"ಈ ಶಾಟ್ ಮುಗ್ಸಿ..."

"ತೆಗಿಯೋ!"

ಹಿಂದಿನ ಸೀಟಿನಲ್ಲಿ ಭವ್ಯಾಳನ್ನು ಒರಗಿಸಿಕೊಂಡು ಕುಳಿತ ಮಾಸ್ತಮ್ಮ, "ಏನಿಲ್ಲ ಮಗಾ, ಹೊಸನಗರಕ್ಕೆ ಹೋಗಿ ಒಂದ್ಸಲ ತೋರಿಸ್ಕೊಂಡು ಬರಾಣ," ಎಂದಳು. ತಿರುವುಗಳಲ್ಲಿ ಲಿಖಿತ್ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಕೊನೆಗೆ ಭವ್ಯಾ ಕೇಳಿದಳು, "ಅಕ್ಕಾ, ಆಸ್ಪತ್ರೇಲೂ ಶೂಟಿಂಗ್ ಇದೆಯಾ?"

ಬ್ರಾಹ್ಮಿ ಹಿಂತಿರುಗಲಿಲ್ಲ. "ಹೂಂ," ಎಂದಳು.

ಆಸ್ಪತ್ರೆಯಲ್ಲಿ ಹಸಿರು ಪರದೆ ಎಳೆದರು. ಹೊರಗಿನ ಕಬ್ಬಿಣದ ಬೆಂಚಿನಲ್ಲಿ ಬ್ರಾಹ್ಮಿ, ಮಾಸ್ತಮ್ಮ ಇಬ್ಬರೂ ಕುಳಿತರು. ಒಳಗೆ ಡಾಕ್ಟರು ಹೊಟ್ಟೆಯ ಮೇಲೆ ಕೂಸಿನ ಎದೆಬಡಿತ ಹುಡುಕುವ ಯಂತ್ರ ಆಡಿಸುತ್ತಿದ್ದರು. ಒಣ ಎಲೆ ತುಳಿದಂಥ ಸರಬರ ಸದ್ದು ಕೇಳುತ್ತಿತ್ತು, ನಿಲ್ಲುತ್ತಿತ್ತು, ಬೇರೆ ಕಡೆಯಿಂದ ಶುರುವಾಗುತ್ತಿತ್ತು.

"ಇನ್ನೊಂದ್ಸಲ ಜೆಲ್ ಹಾಕಿ ಸಿಸ್ಟರ್," ಎಂದರು ಡಾಕ್ಟರು.

ಬ್ರಾಹ್ಮಿ ಪರದೆಯತ್ತ ತಿರುಗಿದಳು. ಪಕ್ಕದಲ್ಲಿ ಮಾಸ್ತಮ್ಮನ ಎಣ್ಣೆಗೈ ಬೆಂಚಿನ ತಗಡಿನ ಮೇಲೆ ಮೆಲ್ಲಗೆ ಸರಿಯಿತು, ನಿಂತಿತು, ಒತ್ತಿತು, ಮತ್ತೆ ಎಡಕ್ಕೆ ಸರಿಯಿತು.