ಹಿತ್ತಾಳೆಯ ಏಣಿ

ಸಂಸ್ಕಾರ ನಡೆಸಿಕೊಡುವ ಹೆಂಗಸು ಶವಪೆಟ್ಟಿಗೆಯೊಳಗೆ ಬಾಗಿ, ತೋಕಿಜಿಯ ಬೆರಳುಗಳ ನಡುವಿದ್ದ ಚೂರನ್ನು ಮೆಲ್ಲಗೆ ಬಿಡಿಸಿ, ಎರಡೂ ಕೈಯಲ್ಲಿ ಅವನ ಹೆಂಡತಿ ಇಕುಯೊಳ ಮುಂದೆ ಚಾಚಿದಳು.

“ಕ್ಷಮಿಸಿ ಅಮ್ಮಾ, ಲೋಹ ಹಾಕೋ ಹಾಗಿಲ್ಲ. ಚಿತಾಗಾರದ ಕುಲುಮೇಲಿ ಕರಗಿ ಮೂಳೆಗೆ ಅಂಟ್ಕೊಳುತ್ತೆ. ಕನ್ನಡಕಾನೂ ತೆಗೀಬೇಕು.”

“ಕನ್ನಡಕ ಇಲ್ದೆ ಹೋದ್ರೆ ಅವನು ಯಮನಿಗೇ ಡಿಕ್ಕಿ ಹೊಡೀತಾನೆ,” ಎಂದ ನೊಜಾವಾ. ಜಪಾನಿನ ಶಿಜುವೊಕಾದ ಕಾರ್ಖಾನೆಯಲ್ಲಿ ತೋಕಿಜಿಯ ಪಕ್ಕದ ಮೇಜಿನಲ್ಲೇ ತಲೆ ನರೆಸಿಕೊಂಡವನು. ನಗಿಸಲು ಹೋಗಿ ತಾನೇ ಅತ್ತುಬಿಟ್ಟ.

ಇಕುಯೊಳ ಅಂಗೈಯಲ್ಲಿದ್ದುದು ಭತ್ತದ ಕಾಳಿನುದ್ದದ ಹಿತ್ತಾಳೆಯ ಏಣಿ. ಏಣಿಯಂತೆ ಕಂಡರೂ ಅದು ರೇಡಾರ್; ಮಾದರಿ ಯುದ್ಧನೌಕೆಯ ಕಂಬಕ್ಕೆ ಕೂರಿಸುವಂಥದ್ದು.

“ಇದೊಂದಾದ್ರೂ ಇರ್ಲಿ,” ಎಂದು ಅಂಗಲಾಚಿದಳು. “ಬರಿಗೈಲಿ ಹೋದ್ರೆ ಮಾವ ಇವರನ್ನ ಹೇಗೆ ಗುರುತು ಹಿಡೀತಾರೆ?”

ತೋಕಿಜಿಯ ಅಕ್ಕ ಮಿತ್ಸುಯೆ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. ಎಂಬತ್ತು ದಾಟಿದರೂ ದನಿ ಮಾತ್ರ ಗಟ್ಟಿ.

“ಹುಚ್ಚುಚ್ಚಾಗಿ ಆಡ್ಬೇಡ, ಇಕುಯೊ. ಅಪ್ಪ ಸತ್ತಾಗ ಮನೆಗೆ ಬಂದ ಅಸ್ಥಿ ಪೆಟ್ಟಿಗೇಲಿ ಮೂಳೆ ಬದಲು ಇದ್ದಿದ್ದು ಒಂದು ಕಲ್ಲು. ಅಮ್ಮ ಅದನ್ನೇ ತಬ್ಕೊಂಡು ಅತ್ಲು. ತಮ್ಮನ ಮೂಳೆನಾದ್ರೂ ನಾನು ಬೆಳ್ಳಗೆ, ಚೊಕ್ಕವಾಗಿ ಎತ್ಕೋಬೇಕು.”

ಇಬ್ಬರ ಸಂಕಟವೂ ಸುಳ್ಳಲ್ಲ. ಇಕುಯೊ ತಲೆ ತಗ್ಗಿಸಿ ಏಣಿಯನ್ನು ಸೊಂಟಪಟ್ಟಿಯೊಳಗೆ ಸೇರಿಸಿದಳು.

*

ತೋಕಿಜಿ ಹುಟ್ಟುವ ಮೊದಲೇ ಅಪ್ಪ ಯುದ್ಧದಲ್ಲಿ ಹಡಗಿನ ಜೊತೆ ಮುಳುಗಿದ್ದ. ಅಲ್ಲಿ ರೇಡಾರ್ ನೋಡಿಕೊಳ್ಳುತ್ತಿದ್ದನಂತೆ. ಇದ್ದೊಂದು ಫೋಟೋ ಬಾಂಬಿನ ಬೆಂಕಿಗೆ ಹೋಯಿತು. ಮಗ ಬೆಳೆದು, ತೆಳು ಹಿತ್ತಾಳೆ ಹಾಳೆಯನ್ನು ಆಮ್ಲದಲ್ಲಿ ಕೊರೆಸಿ ಹಡಗಿನ ಪುಟಾಣಿ ಭಾಗಗಳನ್ನು ಮಾಡುವ ಕಾರ್ಖಾನೆ ಸೇರಿದ. ಮನೆಗೆ ಬಂದರೂ ಅದೇ ಗೀಳು. ಹಾಳೆಯಿಂದ ಕತ್ತರಿಸುವಾಗ ಏಣಿ ಚಂಗನೆ ಚಿಮ್ಮಿ ಚಾಪೆಯ ಸಂದಿ ಸೇರುತ್ತಿತ್ತು. ಆಮೇಲೆ ಗಂಡ ಹೆಂಡತಿ ಇಬ್ಬರೂ ಅಂಬೆಗಾಲಿಕ್ಕಿ ಹುಡುಕಬೇಕು.

“ಮಕ್ಕಳಿದ್ದಿದ್ರೂ ಮನೇಲಿ ಇಷ್ಟು ತೆವಳಾಟ ಇರ್ತಿರ್ಲಿಲ್ಲ,” ಎಂದು ಇಕುಯೊ ರೇಗುತ್ತಿದ್ದಳು.

ಒಮ್ಮೆ ಹಾಗೆ ತೆವಳುತ್ತಲೇ ಅವನು ಕೇಳಿದ್ದ: “ಅಪ್ಪ ಎದುರಿಗೇ ಬಂದ್ರೂ ನಂಗೆ ಗೊತ್ತಾಗಲ್ಲ ಕಣೆ. ಅವರಿಗೂ ನಾನ್ಯಾರೋ. ಇದನ್ನ ತೋರಿಸಿದ್ರೆ ಗೊತ್ತಾಗುತ್ತೆ, ಅಲ್ವಾ?”

ಅವನು ನಗುತ್ತಿರಲಿಲ್ಲ. ಇಕುಯೊ, “ಗೊತ್ತಾಗುತ್ತೆ,” ಎಂದಿದ್ದಳು.

*

ಕೊನೆಯದಾಗಿ ಎಲ್ಲರೂ ಹೂವಿಟ್ಟರು. ಇಕುಯೊ ದಪ್ಪನೆಯ ಬಿಳಿ ಸೇವಂತಿಗೆಯೊಂದನ್ನು ಆರಿಸಿ, ಯಾರಿಗೂ ಕಾಣದಂತೆ ಎಸಳುಗಳ ನಡುವೆ ಏಣಿಯನ್ನು ತುರುಕಿ, ಗಂಡನ ಬಲಗೈಗೆ ಕೊಟ್ಟಳು. ಮುಚ್ಚಳ ಮುಚ್ಚಿದರು.

ಚಿತಾಗಾರದಲ್ಲಿ ಕಾಯುವಾಗ ನೊಜಾವಾ, “ಅತ್ತಿಗೆ, ಒಂದು ತುತ್ತಾದ್ರೂ ತಿನ್ನಿ,” ಎಂದು ಅನ್ನದ ಉಂಡೆ ಮುಂದಿಟ್ಟ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಮಿತ್ಸುಯೆಯ ಮುಖ ನೋಡಲು ಧೈರ್ಯವಿರಲಿಲ್ಲ. ಏನೂ ಗುರುತು ಉಳಿಯದಿರಲಿ ಎಂದು ಬೇಡಿಕೊಂಡಳು. ಮರುಕ್ಷಣವೇ, ಏಣಿ ದಾರಿಯಲ್ಲೆಲ್ಲೋ ಜಾರಿ ಬಿದ್ದಿದ್ದರೆ ಎಂದು ಹೆದರಿದಳು.

ಬೂದಿಯ ತಟ್ಟೆ ಹೊರಬಂತು. ಇಬ್ಬಿಬ್ಬರಾಗಿ ಬಿದಿರು ಕಡ್ಡಿಗಳಲ್ಲಿ ಒಂದೊಂದೇ ಮೂಳೆ ಎತ್ತಿ ಕುಡಿಕೆಗೆ ಹಾಕಬೇಕು, ಪಾದದಿಂದ ಮೇಲಕ್ಕೆ. ಇಕುಯೊಗೆ ಜೊತೆಯಾದವಳು ಮಿತ್ಸುಯೆ. ಬಲಗೈಯ ಬಳಿ ಬಂದಾಗ ಇಬ್ಬರ ಕಡ್ಡಿಗಳೂ ನಿಂತವು. ಬೆಳ್ಳನೆಯ ಬೆರಳಮೂಳೆಯೊಂದರ ಮೇಲೆ ಕರಗಿದ ಹಿತ್ತಾಳೆಯ, ಸಾಸಿವೆ ಕಾಳಿನಷ್ಟು ಹಸಿರು ಕಲೆ.

ಇಕುಯೊಳ ಕಣ್ಣು ತುಂಬಿತು. “ಅಕ್ಕಾ, ನಾನು...”

“ಇದನ್ನ ಪಕ್ಕಕ್ಕೆ ತೆಗೆದುಬಿಡ್ಲಾ ಅಮ್ಮಾ?” ಎಂದ ಅಲ್ಲಿನ ಕೆಲಸದವನು.

ಮಿತ್ಸುಯೆ ಊರುಗೋಲಿಗೆ ಒರಗಿ, ಬಾಗಿ ಕಲೆಯನ್ನು ನೋಡಿದಳು.

“ಬೇಡ. ಇದು ಕೊನೆಗೆ, ಎಲ್ಲಕ್ಕಿಂತ ಮೇಲೆ,” ಎಂದಳು.

ಉಳಿದದ್ದೆಲ್ಲ ಕುಡಿಕೆ ಸೇರಿದ ಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿದಳು. “ಹಿಡಿ, ಇಕುಯೊ. ಜೋಪಾನ, ಬೀಳಿಸಿಬಿಟ್ಟೀಯ.”

ಇಬ್ಬರೂ ಸೇರಿ ಎತ್ತಿಟ್ಟರು. ಮೂಳೆ ಹೊರಳಿ ಕಲೆ ಅಡಿಯಾಯಿತು. ಮುಚ್ಚಳ ತಂದವನನ್ನು ತಡೆದು, ಮಿತ್ಸುಯೆ ಕಡ್ಡಿಯ ತುದಿಯಿಂದ ಅದನ್ನು ನಿಧಾನವಾಗಿ ತಿರುಗಿಸಿದಳು, ಹಸಿರು ಮೇಲೆ ಬರುವಂತೆ.